ಸಿಸ್ಟರಮ್ಮನ ಗಾಡಿ

“ಸ್ವಲ್ಪ ಈ ಕಡೆ ಹೊರಳ್ಕೊಳ್ಳಿ ಸಿಸ್ಟರ್,” ಎಂದುಬಿಟ್ಟಳು ನವ್ಯ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಅವಳ ಒಂದು ಕೈ ಶಶಿರೇಖ ಅವರ ಹೆಗಲ ಕೆಳಗಿತ್ತು, ಇನ್ನೊಂದು ಸೊಂಟದ ಕೆಳಗೆ. ಮಂಚದ ಆಚೆ ಬದಿಯಲ್ಲಿ ಮಗಳು ವನಿತಾ ಹೊಸ ಸೀರೆಯ ಅಂಚು ಹಿಡಿದು ಕಾಯುತ್ತಿದ್ದಳು. ನೋಯದಂತೆ ಹೊರಳಿಸಿ ಮೈಯಡಿಗೆ ಬಟ್ಟೆ ಸರಿಸುವುದನ್ನು ನವ್ಯಳಿಗೆ ಕಲಿಸಿದವರೇ ಈಗ ಮಂಚದ ಮೇಲಿದ್ದರು. ನಿನ್ನೆ ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದವರು ಎದೆ ಹಿಡಿದುಕೊಂಡು ಕೂತರಂತೆ. ಪಕ್ಕದ ಮನೆಯವರು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸರ್ಕಾರಿ ಆಸ್ಪತ್ರೆಯ ಕುಡಿತ ಬಿಡಿಸುವ ವಾರ್ಡಿನ ನರ್ಸ್ ಕೆಲಸದಿಂದ ನಿವೃತ್ತರಾಗಿ ಇನ್ನೂ ವರ್ಷ ತುಂಬಿರಲಿಲ್ಲ.

“ನಂಗೂ ಬಾಯಿಗೆ ಬಂದಿತ್ತು,” ಎಂದಳು ವನಿತಾ. “ಕೈ ಎತ್ತಮ್ಮಾ ಅಂತ.”

ಇಬ್ಬರಿಗೂ ಅರೆಗಳಿಗೆ ನಗು ಬಂತು. ಆಮೇಲೆ ವನಿತಾ ನೆರಿಗೆ ಸರಿಮಾಡುವ ನೆಪದಲ್ಲಿ ಮುಖ ತಗ್ಗಿಸಿದಳು. ಬಂಗಾರಪೇಟೆಯಲ್ಲಿ ಪ್ರೈಮರಿ ಶಾಲೆಯ ಟೀಚರ್ ಅವಳು. ನಿನ್ನೆಯಿಂದ ಬಂದವರಿಗೆಲ್ಲ ಅವಳೇ ಸಮಾಧಾನ ಹೇಳಿ ಹೇಳಿ ಗಂಟಲು ಕಟ್ಟಿತ್ತು.

ಚಿನ್ನದ ಗಣಿಯವರಿಗೆಂದು ಸಾಲಾಗಿ ಕಟ್ಟಿದ್ದ ಊರಿಗಾಂನ ಆ ಹಳೇ ಲೈನ್ ಮನೆ ಎರಡೇ ಕೋಣೆಯದು. ಕಂಪನಿ ಕಾಲದ ಗೋಡೆ, ತಗಡಿನ ಮಾಡು. ಹೊರಗೆ ಶಾಮಿಯಾನ ಹಾಕಿದ್ದರು. ಬಾಗಿಲಲ್ಲಿ ಶಶಿರೇಖ ಅವರ ತಮ್ಮ ವಿಜಯಕುಮಾರ್ ಕಾಣಿಸಿಕೊಂಡರು. ಬೂದಿಕೋಟೆ ಕಡೆಯ ತೋಟ, ಹಸುಗಳನ್ನು ಬಿಟ್ಟು ರಾತ್ರಿಯೇ ಬಂದವರು. ಇಂದಿನ ಕಾರ್ಯಕ್ಕೆಲ್ಲ ಅವರೇ ಯಜಮಾನರು.

“ವನಿತಾ, ಆ ಗೋಡೆ ಪಕ್ಕ ನಿಂತವ್ರಲ್ಲ, ಯಾರಮ್ಮಾ ಅವ್ರೆಲ್ಲ? ಮಾರಿಕುಪ್ಪಂ ರೈಲು ಬಂದಾಗೆಲ್ಲ ಇನ್ನಷ್ಟು ಜನ ಬತ್ತಾ ಅವ್ರೆ. ಒಳೀಕೂ ಬರಲ್ಲ, ಓಗೋದೂ ಇಲ್ಲ.”

“ಅಮ್ಮನ ಪೇಷೆಂಟುಗಳು ಮಾವ.”

“ಎಲ್ಲಾ ಕುಡುಕ್ರಾ?”

ಜಗಲಿಯ ಮೇಲೆ ಕೂತು ಬಾಳೆನಾರಿನಿಂದ ಚಟ್ಟ ಬಿಗಿಯುತ್ತಿದ್ದ ಕುಪ್ಪುಸ್ವಾಮಿ ತಲೆ ಎತ್ತಿದ. ಒಂದು ಕಾಲಕ್ಕೆ ಗಣಿಯೊಳಗೆ ಇಳಿದಿದ್ದ ಮುದುಕ. ಬೆಳಗ್ಗೆಯಿಂದ ಯಾರೂ ಹೇಳದೆಯೇ ಒಂದೊಂದು ಕೆಲಸ ಕೈಗೆತ್ತಿಕೊಂಡು ಮಾಡುತ್ತಿದ್ದ.

“ಕುಡುಕ್ರೇ ಇದ್ವಿ ಸಾರ್,” ಎಂದ ತಮಿಳಿನ ಎಳೆತ ಬೆರೆತ ಕನ್ನಡದಲ್ಲಿ. “ಕೆಲವ್ರು ಬಿಟ್ವಿ. ಕೆಲವ್ರು ಬಿಟ್ಟು, ಇಡಿದು, ತಿರುಗಾ ಬಿಟ್ವಿ. ಬಿಡೋಕೇ ಆಗ್ದಿದ್ದೋರು ಅಕೋ, ಆ ಬೇವಿನ ಮರದತ್ರ ದೂರಾ ನಿಂತವ್ರೆ. ನಾಚ್ಕೆ. ಸಿಸ್ಟರಮ್ಮ ಇದ್ದಿದ್ರೆ ಅವ್ರನ್ನೇ ಮೊದ್ಲು ಒಳೀಕೆ ಕರೀತಿದ್ರು.”

“ನೀನೂ ಆಸ್ಪತ್ರೆ ಸೇರಿದ್ದಾ?”

“ಎಷ್ಟು ಸಲ ಅಂತ ಏಳ್ಲಿ ಸಾರ್? ನನ್ ಎಂಡ್ತಿ ಬೇಜಾರಾಗಿ ಬಿಟ್ಟೋದ್ಳು, ಮಗ ಬಾಗ್ಲು ಆಕ್ಕೊಂಡ. ನಾಚ್ಕೆ ಇಲ್ದೆ ನಾನು ತಿರುಗಾ ತಿರುಗಾ ಓಗ್ತಿದ್ದೆ. ಆಸ್ಪತ್ರೇಲಿ ಎಲ್ರೂ ‘ಮತ್ತೆ ಬಂದ್ಯಾ’ ಅನ್ನೋರು. ಆಯಮ್ಮ ಮಾತ್ರ ‘ಬಂದ್ಯಲ್ಲಾ ಸಾಮಿ, ಒಳ್ಳೇದಾಯ್ತು’ ಅನ್ನೋರು.”

ವಿಜಯಕುಮಾರ್ ಗೋಡೆಯ ಕಡೆಗೊಮ್ಮೆ ಬೇವಿನ ಮರದ ಕಡೆಗೊಮ್ಮೆ ನೋಡಿ, “ರಾಹುಕಾಲಕ್ಕೆ ಮುಂಚೆ ಎತ್ತಬೇಕು. ಗಾಡಿ ಇನ್ನೇನ್ ಬತ್ತದೆ,” ಎಂದು ಒಳಗೆ ಹೋದರು.

*

ಕುಡಿತ ಬಿಡಿಸುವ ವಾರ್ಡಿಗೆ ನವ್ಯ ಇಷ್ಟಪಟ್ಟು ಬಂದವಳಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ್ದಳು, ಎಲ್ಲಿಗೆ ಹಾಕಿದರೋ ಅಲ್ಲಿಗೆ ಬಂದಳು. ಮೊದಲ ದಿನವೇ ಒಬ್ಬ ಅವಳ ಬಿಳೀ ಕೋಟಿನ ಮೇಲೆ ವಾಂತಿ ಮಾಡಿದ. ಇನ್ನೊಬ್ಬ ಅವಳ ಅಪ್ಪ ಅಮ್ಮನನ್ನೆಲ್ಲ ಸೇರಿಸಿ ಬೈದ. ಮಧ್ಯಾಹ್ನ ಊಟದ ಡಬ್ಬಿ ಮುಂದಿಟ್ಟುಕೊಂಡು ಮುಟ್ಟದೆ ಕೂತಿದ್ದಾಗ ಶಶಿರೇಖ ಸಿಸ್ಟರ್ ಪಕ್ಕ ಬಂದು ಕೂತರು.

“ಹೆರಿಗೆ ವಾರ್ಡಿಗೆ ಹಾಕ್ಸಿಕೊಡಿ ಸಿಸ್ಟರ್,” ಎಂದಳು ನವ್ಯ. “ಅಲ್ಲಿ ಕೊನೇಗೆ ಒಂದ್ ಮಗೂನಾದ್ರೂ ಕಾಣ್ತದೆ. ಜನ ಸ್ವೀಟು ಹಂಚ್ತಾರೆ.”

“ಕೇಳ್ತೀನಿ ಕಣಮ್ಮ. ಅದೂ ಒಳ್ಳೇ ಕೆಲ್ಸಾನೇ.” ಅವರಿಗೆ ಬೇಸರವಾದಂತೆ ಕಾಣಲಿಲ್ಲ. ತಮ್ಮ ಡಬ್ಬಿಯಿಂದ ಒಂದು ಮುದ್ದೆಯ ತುಂಡನ್ನು ಅವಳ ಡಬ್ಬಿಗೆ ಹಾಕಿದರು. “ತಿನ್ನು. ಹಸ್ಕೊಂಡಿದ್ರೆ ಎಲ್ಲಾ ಕೆಟ್ಟದಾಗೇ ಕಾಣ್ತದೆ.”

“ನೀವ್ಯಾಕೆ ಇಲ್ಲೇ ಉಳ್ಕೊಂಡ್ರಿ?”

“ಎಲ್ರೂ ಬೇಡ ಅಂದ್ರು. ನನ್ ಸರದಿ ಬಂತು, ಬಂದೆ.” ಅಷ್ಟೇ ಅವರ ಉತ್ತರ. ಅದರ ಹಿಂದೆ ದೊಡ್ಡ ಕತೆಯೊಂದು ಇರಬೇಕೆಂದು ನವ್ಯ ಎಷ್ಟೋ ದಿನ ಕಾದಳು. ಗಂಡ ಕುಡುಕನೇ? ಅಪ್ಪ? ಅಣ್ಣ? ಅಂಥವರು ಯಾರೂ ಇರಲಿಲ್ಲ. ಗಂಡ ಅಂಚೆಯ ಕೆಲಸದಲ್ಲಿದ್ದು ಕಾಯಿಲೆಯಿಂದ ತೀರಿಕೊಂಡ ಸಾಧು ಮನುಷ್ಯ. ಶಶಿರೇಖ ಅವರಿಗೆ ವಾರ್ಡು ಒಂದು ಕೆಲಸವಾಗಿತ್ತು. ಅದನ್ನು ಅವರು ಸರಿಯಾಗಿ ಮಾಡುತ್ತಿದ್ದರು.

ಆ ಸರಿಯಾಗಿ ಮಾಡುವುದೆಂದರೇನು ಎಂದು ನವ್ಯಳಿಗೆ ತಿಳಿದದ್ದು ಒಂದು ಬೆಳಗ್ಗೆ. ಕುಡಿತ ನಿಲ್ಲಿಸಿ ಬುದ್ಧಿ ಕದಡಿದ್ದ ಒಬ್ಬ ಆಳು ಮಂಚದ ಮೇಲೆ ನಿಂತು ಗೋಡೆಯ ತುಂಬ ಹಾವುಗಳಿವೆ ಎಂದು ಕಿರುಚುತ್ತಿದ್ದ. ಕಟ್ಟಿಹಾಕಲು ಹಗ್ಗ ತಂದಿದ್ದರು. ಶಶಿರೇಖ ಹಗ್ಗವನ್ನು ದೂರ ಇಡಿಸಿ, ಡಾಕ್ಟರು ಹೇಳಿದ ಸೂಜಿ ಹಾಕಿ, ಮಂಚದ ಕಾಲ ಬಳಿ ನೆಲದಲ್ಲೇ ಕೂತರು. ಹಾವು ಇಲ್ಲವೆಂದು ವಾದಿಸಲಿಲ್ಲ. ಇದೆಯೆಂದು ಸುಳ್ಳೂ ಹೇಳಲಿಲ್ಲ.

“ಇದು ಆಸ್ಪತ್ರೆ. ನಾನು ಶಶಿರೇಖ, ನರ್ಸು. ಈಗ ಬೆಳಗ್ಗೆ. ನಿಂಗೆ ಮೈ ಸರಿ ಇಲ್ಲ, ಸರಿಹೋಗ್ತದೆ. ನಾನು ಇಲ್ಲೇ ಇದೀನಿ.”

ಮುಗಿದರೆ ಮತ್ತೆ ಮೊದಲಿನಿಂದ. ದನಿ ಏರಲಿಲ್ಲ, ಬೇಸರ ಇಣುಕಲಿಲ್ಲ. ಕಿಟಕಿಯ ಬಿಸಿಲು ಈ ಗೋಡೆಯಿಂದ ಆ ಗೋಡೆಗೆ ಹೋಯಿತು. ಆ ಮನುಷ್ಯ ಮೊದಲು ಮಂಡಿಯೂರಿದ, ಆಮೇಲೆ ಕೂತ, ಕೊನೆಗೆ ಅವರ ಕೈ ಹಿಡಿದುಕೊಂಡು ಮಲಗಿದ. ಬಾಗಿಲಲ್ಲಿ ನಿಂತಿದ್ದ ನವ್ಯ ತಾನು ಔಷಧಿಯ ಟ್ರೇ ಹಿಡಿದೇ ನಿಂತಿದ್ದೇನೆಂಬುದನ್ನೂ ಮರೆತಿದ್ದಳು.

ಎಲ್ಲರೂ ಉಳಿಯಲಿಲ್ಲ. ಆ ಮನುಷ್ಯನೇ ಮುಂದಿನ ಬೇಸಿಗೆಯಲ್ಲಿ ರೈಲು ಹಳಿಯ ಪಕ್ಕ ಸತ್ತುಬಿದ್ದಿದ್ದ. ಮಣ್ಣಿಗೆ ಶಶಿರೇಖ ಹೋಗಿದ್ದರು. ಅವನ ಹೆಂಡತಿ ಎಲ್ಲರೆದುರು ಅವರ ಸೆರಗು ಹಿಡಿದು ಎಳೆದು, “ಉಳಿಸ್ತೀನಂದ್ಯಲ್ಲೇ” ಎಂದು ಕೇಳಿದ್ದಳಂತೆ. ಮರುದಿನ ವಾರ್ಡಿಗೆ ಬಂದವರು ಹೊಸದಾಗಿ ಸೇರಿದವನ ಮಂಚದ ಪಕ್ಕ ಕೂತು, “ಬಂದ್ಯಲ್ಲಪ್ಪಾ, ಒಳ್ಳೇದಾಯ್ತು” ಎಂದಿದ್ದರು.

ಹೆರಿಗೆ ವಾರ್ಡಿನ ಮಾತನ್ನು ನವ್ಯ ಮತ್ತೆ ಎತ್ತಲಿಲ್ಲ.

*

ನಗರಸಭೆಯ ಮುಕ್ತಿವಾಹನ ಬಂತು. ಡ್ರೈವರ್ ಆರುಮುಗಂ ಅದನ್ನು ಹಿಮ್ಮುಖವಾಗಿ ಓಣಿಯೊಳಕ್ಕೆ ತಂದು ನಿಲ್ಲಿಸುತ್ತಲೇ ಗೋಡೆಯ ಪಕ್ಕದವರು ಮೊದಲ ಸಲ ಮುಂದೆ ಬಂದರು. ಅವರ ಕೈಯಲ್ಲಿ ಚೆಂಡುಹೂವಿನ ಮಾಲೆಗಳಿದ್ದವು. ನೋಡನೋಡುತ್ತ ಗಾಡಿಯ ಮಾಡು, ಬಾಗಿಲು, ಒಳಗಿನ ಕಂಬಿಗಳೆಲ್ಲ ಹೂವಿನಿಂದ ಮುಚ್ಚಿಹೋದವು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಆಟೋ ನಿಂತಿತು. ಇಳಿದ ಹೆಂಗಸು ಒಬ್ಬ ಗಂಡಸನ್ನು ತೋಳು ಹಿಡಿದು ಇಳಿಸಿಕೊಂಡಳು. ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಅಂಗಿಯ ಮೇಲೆ ಏನೋ ಹರಿದಾಡುತ್ತಿರುವಂತೆ ಬೆರಳುಗಳಿಂದ ಹೆಕ್ಕಿ ಹೆಕ್ಕಿ ಎಸೆಯುತ್ತಿದ್ದ.

“ಸಿಸ್ಟರಮ್ಮನ ಮನೆ ಇದೇನಾ ಅಣ್ಣ?” ಎಂದು ಕೇಳುತ್ತ ಬಂದವಳು ಶಾಮಿಯಾನ, ಗಾಡಿ, ಹೂವು ನೋಡಿ ನಿಂತಳು. “ಯಾರು ಓಗ್ಬಿಟ್ರು?”

“ಅವ್ರೇ,” ಎಂದರು ಯಾರೋ.

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. “ಓದ ವಾರ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ರಲ್ಲಾ,” ಎಂದಳು. “ಮನೇಗ್ ಕರ್ಕೊಂಡ್ ಬಾ, ನಾನೇ ಆಸ್ಪತ್ರೇಗ್ ಸೇರಿಸ್ತೀನಿ ಅಂದ್ರಲ್ಲಾ!”

ಅವನು ತೂರಾಡಿ ಶಾಮಿಯಾನದ ಕಂಬಕ್ಕೆ ಬಡಿದ. ವಿಜಯಕುಮಾರ್ ರೇಗಿಬಿಟ್ಟರು.

“ಏಯ್! ಇವತ್ತೂ ಕುಡ್ಕೊಂಡ್ ಬಂದವ್ನಲ್ಲಾ, ಮಾನ ಮರ್ಯಾದೆ ಇಲ್ವೇನ್ಲಾ? ಯಾರಾದ್ರೂ ಆಚೆ ಕಳ್ಸ್ರಿ ಇವ್ನನ್ನ.”

ನವ್ಯ ಜನರನ್ನು ಸರಿಸಿ ಹತ್ತಿರ ಬಂದಳು. ಬಾಯಲ್ಲಿ ಕುಡಿತದ ವಾಸನೆ ಇರಲಿಲ್ಲ. ಮಣಿಕಟ್ಟು ಹಿಡಿದಳು. ನಾಡಿ ಕುದುರೆಯಂತೆ ಓಡುತ್ತಿತ್ತು.

“ಯಾವಾಗ್ ಕುಡಿದಿದ್ದು ಅಕ್ಕ?”

“ಕುಡಿದಿಲ್ಲಮ್ಮಾ!” ಎಂದಳು ಮುನಿಲಕ್ಷ್ಮಿ. ಅದೇ ಅವಳ ಹೆಸರು. ಗಂಡ ಬಚ್ಚಪ್ಪ, ಬೂದಿಕೋಟೆ ಕಡೆಯ ಕೂಲಿಯವನು. “ದಿನಾ ಬೆಳಗಾದ್ರೆ ಕುಡಿಯೋ ಮನುಷ್ಯ. ಮೊನ್ನೆ ಅಮ್ಮನ ಗುಡೀಲಿ ಕರ್ಪೂರ ಅಚ್ಚಿ ಆಣೆ ಮಾಡ್ದ. ಅವತ್ತಿಂದ ಒಂದ್ ತೊಟ್ಟು ಮುಟ್ಟಿಲ್ಲ.” ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ವರ್ಷಗಟ್ಟಲೆ ಕುಡಿದ ಮೈ ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆಂದು ನವ್ಯ ಕಂಡಿದ್ದಳು. “ಇವ್ರು ಕುಡಿದಿಲ್ಲ ಸರ್,” ಎಂದಳು ವಿಜಯಕುಮಾರರಿಗೆ. “ಕುಡಿಯೋದು ನಿಲ್ಸಿದಾರೆ. ಅದಕ್ಕೇ ಹಿಂಗಾಗಿರೋದು. ಈಗ್ಲೇ ಆಸ್ಪತ್ರೆಗೆ—”

ಮಾತು ಮುಗಿಯಲಿಲ್ಲ. ಬಚ್ಚಪ್ಪನ ಕುತ್ತಿಗೆ ಸೆಟೆದು, ಕಣ್ಣು ಮೇಲಾಗಿ, ಮರ ಬಿದ್ದಂತೆ ಬಿದ್ದ. ಕೈಕಾಲು ನೆಲಕ್ಕೆ ಬಡಿಯತೊಡಗಿದವು. ಯಾರೋ ಬೀಗದ ಕೈ ಗೊಂಚಲನ್ನು ಅವನ ಮುಷ್ಟಿಗೆ ತುರುಕಲು ಓಡಿ ಬಂದರು. ಇನ್ನೊಬ್ಬರು ನೀರು ತಂದರು. “ಒಂದ್ ಗುಟುಕು ಬ್ರಾಂದಿ ಆಕ್ರಿ, ನಿಂತೋಗ್ತದೆ,” ಎಂದಿತು ಹಿಂದಿನಿಂದ ಒಂದು ದನಿ.

“ಬಾಯಿಗೆ ಏನೂ ಹಾಕ್ಬೇಡಿ! ಕೈಗೂ ಬೇಡ. ಗಾಳಿ ಬಿಡಿ!” ನವ್ಯ ಅವನನ್ನು ಮಗ್ಗುಲಿಗೆ ತಿರುಗಿಸಿ, ತನ್ನ ದುಪಟ್ಟಾವನ್ನು ಮಡಿಸಿ ತಲೆಯಡಿಗಿಟ್ಟಳು. ಕುಪ್ಪುಸ್ವಾಮಿ ತೋಳು ಅಗಲಿಸಿ ಜನರನ್ನು ಹಿಂದಕ್ಕೆ ತಳ್ಳಿದ.

ಫಿಟ್ಸ್ ನಿಂತಿತು. ಆದರೆ ಬಚ್ಚಪ್ಪನಿಗೆ ಎಚ್ಚರವಾಗಲಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಿದ ವನಿತಾ ಮುಖ ಸಣ್ಣದು ಮಾಡಿಕೊಂಡು ಬಂದಳು. “ಅಲ್ಲೆಲ್ಲೋ ಅಪಘಾತ ಅಂತ ಬಂಗಾರಪೇಟೆ ಕಡೆ ಹೋಗಿದೆಯಂತೆ. ಹೊತ್ತಾಗ್ತದಂತೆ.”

“ಆಟೋ?” ಎಂದರು ವಿಜಯಕುಮಾರ್.

“ಮಲಗಿಸ್ಕೊಂಡೇ ಹೋಗಬೇಕು ಸರ್. ದಾರೀಲಿ ಇನ್ನೊಂದ್ ಸಲ ಬಂದ್ರೆ…” ನವ್ಯ ನಿಲ್ಲಿಸಿದಳು. ಅವಳ ಕಣ್ಣು ತಾನಾಗಿಯೇ ಹೂವಿನ ಗಾಡಿಯ ಕಡೆ ಹೋಗಿತ್ತು.

ವನಿತಾ ಅವಳ ಮುಖ ನೋಡಿದಳು, ಗಾಡಿಯನ್ನು ನೋಡಿದಳು. ಬಾಗಿಲೊಳಗೆ ಹೊಸ ಸೀರೆಯುಟ್ಟು ಮಲಗಿದ್ದ ತಾಯಿಯ ಕಡೆ ತಿರುಗಿ ಒಂದು ಗಳಿಗೆ ನಿಂತಳು.

“ಆರುಮುಗಂ ಅಣ್ಣ, ಹಿಂದಿನ ಬಾಗ್ಲು ತೆಗೀರಿ.”

“ಅಮ್ಮಾ, ಉಸಿರಾಡೋ ಮನುಷ್ಯನ್ನ ಇದ್ರಲ್ಲಿ ಯಾವತ್ತೂ ಮಲಗಿಸಿಲ್ಲ,” ಎಂದ ಆರುಮುಗಂ, ಕೀಲಿಕೈ ಕೈಯಲ್ಲಿ ಹಿಡಿದೇ.

“ವನಿತಾ!” ವಿಜಯಕುಮಾರರ ದನಿ ಒಡೆಯಿತು. “ರಾಹುಕಾಲ ಬತ್ತದೆ ಅಂತ ಏಳಿಲ್ವಾ? ಗಾಡಿ ಓಗಿ ಬರೋಷ್ಟ್ರಲ್ಲಿ ಒತ್ತು ಮೀರ್ತದೆ. ಸ್ಮಶಾನ ಪೇಟೆಯಿಂದಾಚೆ ಐತೆ. ಅಕ್ಕನ್ನ ಎಂಗಮ್ಮಾ ತಕೊಂಡೋಗೋದು?”

“ಅಮ್ಮನಿಗೆ ಈಗ ಅವಸರ ಇಲ್ಲ ಮಾವ. ಅವ್ರಿಗಿದೆ.”

ಕುಪ್ಪುಸ್ವಾಮಿ ವಿಜಯಕುಮಾರರ ಮುಂದೆ ಬಂದು ಕೈಮುಗಿದ. “ಸಾರ್, ಚಟ್ಟ ಕಟ್ಟಿದೀನಿ. ಸಿಸ್ಟರಮ್ಮನ್ನ ನಾವು ಒತ್ಕೊಂಡ್ ಓಗ್ತೀವಿ. ಎಷ್ಟು ದೂರ ಆದ್ರೂ ಸರಿ. ಯಾವ್ ಜಾತಿ, ಯಾವ್ ಊರು ಅನ್ಬೇಡಿ. ಎಗಲು ಕೊಡ್ತೀವಿ.”

ಅವನ ಹಿಂದೆ ಓಣಿ ತುಂಬಿತ್ತು. ಬೇವಿನ ಮರದ ಕೆಳಗಿನವರೂ ಬಂದು ನಿಂತಿದ್ದರು.

ವಿಜಯಕುಮಾರ್ ಅವರೆಲ್ಲರ ಮುಖ ನೋಡಿದರು. ಆಮೇಲೆ ಹೆಗಲ ಮೇಲಿನ ಟವೆಲ್ಲನ್ನು ಸೊಂಟಕ್ಕೆ ಬಿಗಿದು, ಬಗ್ಗಿ, ಬಚ್ಚಪ್ಪನ ಕಾಲುಗಳನ್ನು ತಾವೇ ಹಿಡಿದರು. “ಇಡ್ಕೊಳ್ರಪ್ಪಾ, ನೋಡ್ತಾ ಏನ್ ನಿಂತಿದೀರಾ?”

ಆದರೆ ಮುನಿಲಕ್ಷ್ಮಿ ಗಾಡಿಯ ಬಾಗಿಲಿಗೆ ಅಡ್ಡ ನಿಂತಿದ್ದಳು. “ಬೇಡ! ಬದ್ಕಿರೋ ಗಂಡನ್ನ ಎಣದ ಗಾಡೀಲಿ ಆಕ್ತೀರಾ? ನನ್ ತಾಳಿ ಉಳೀತದಾ?”

ವನಿತಾ ಅವಳ ಎರಡೂ ಕೈ ಹಿಡಿದುಕೊಂಡಳು.

“ಅಕ್ಕ, ನೀವು ನಮ್ಮಮ್ಮನ್ನ ಹುಡುಕ್ಕೊಂಡ್ ಬಂದ್ರಿ ಅಲ್ವಾ? ಇದು ನಮ್ಮಮ್ಮನ ಗಾಡಿ. ಹತ್ತಿ.”

*

ಗಾಡಿ ಓಣಿ ದಾಟುತ್ತಲೇ ಬಚ್ಚಪ್ಪ ಕಣ್ಣು ಬಿಟ್ಟ. ತಲೆಯ ಮೇಲೆ, ಅಕ್ಕಪಕ್ಕದಲ್ಲಿ, ಎಲ್ಲೆಲ್ಲೂ ಕೇಸರಿ ಬಣ್ಣ ಓಲಾಡುತ್ತಿತ್ತು.

“ಬೆಂಕಿ! ಲೇ, ಬೆಂಕಿ ಬಿದ್ದೈತೆ ಕಣ್ಲಾ!” ಎದ್ದು ಬಾಗಿಲು ಒದೆಯಲು ಹೋದ. ಮುನಿಲಕ್ಷ್ಮಿ ಅಳತೊಡಗಿದಳು.

ನವ್ಯಳ ಕೈಯಲ್ಲಿ ಸೂಜಿ ಇರಲಿಲ್ಲ, ಔಷಧಿ ಇರಲಿಲ್ಲ, ಡಾಕ್ಟರಿರಲಿಲ್ಲ. ಅವಳು ಗಾಡಿಯ ತಗಡಿನ ನೆಲದ ಮೇಲೆ ಕೂತು ಅವನ ಮುಂಗೈ ಮೇಲೆ ತನ್ನ ಅಂಗೈ ಇಟ್ಟಳು.

“ಇದು ಗಾಡಿ. ಅದು ಚೆಂಡುಹೂವು. ನಾನು ನವ್ಯ, ನರ್ಸು. ಈಗ ಹಗಲು. ನಿಮ್ಮ ಹೆಂಡ್ತಿ ಇಲ್ಲೇ ಪಕ್ಕದಲ್ಲಿದಾರೆ. ನಿಮಗೆ ಮೈ ಸರಿ ಇಲ್ಲ, ಆಸ್ಪತ್ರೆಗೆ ಹೋಗ್ತಾ ಇದೀವಿ. ನಾನು ಇಲ್ಲೇ ಇದೀನಿ.”

ಅವನು ಕಿರುಚಿದ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ಅವನು ಅವಳ ಕೈ ಕೊಡವಿದ. ಅವಳು ಮತ್ತೆ ಇಟ್ಟಳು. ರಸ್ತೆಯ ಜನ ಮುಕ್ತಿವಾಹನ ಕಂಡು ಅಭ್ಯಾಸದಂತೆ ಪಕ್ಕಕ್ಕೆ ಸರಿದು ಕೈಮುಗಿದರು. ಒಳಗಿನಿಂದ ಕೂಗು ಕೇಳಿ ಬೆಚ್ಚಿ ನೋಡಿದರು. ಎಷ್ಟು ಸಲ ಹೇಳಿದಳೋ ಅವಳಿಗೇ ತಿಳಿಯದು. ಆಸ್ಪತ್ರೆಯ ಗೇಟು ಹತ್ತಿರವಾದಾಗ ಬಚ್ಚಪ್ಪ ಒಂದು ಹೂವನ್ನು ಹಿಡಿದು ನೋಡಿ, ಮಗುವಿನಂತೆ, “ಚೆಂಡುಹೂವಾ?” ಎಂದು ಕೇಳಿದ.

“ಹೂಂ. ಚೆಂಡುಹೂವು.”

ಡ್ಯೂಟಿ ಡಾಕ್ಟರು ಬಾಗಿಲಿಗೇ ಓಡಿ ಬಂದರು. ಶಶಿರೇಖ ಸಿಸ್ಟರನ್ನೇ ತಂದರೆಂದು ಅಂದುಕೊಂಡಿದ್ದರೇನೋ, ಗಾಡಿಯೊಳಗಿನ ಮನುಷ್ಯನನ್ನು ಕಂಡು ಒಂದು ಕ್ಷಣ ತಬ್ಬಿಬ್ಬಾದರು. ಆಮೇಲೆ ಒಂದು ಮಾತನ್ನೂ ವ್ಯರ್ಥಮಾಡದೆ ಕೆಲಸಕ್ಕಿಳಿದರು. ಸೂಜಿ ಹಾಕಿದರು, ವಾರ್ಡಿನ ಮಂಚದಲ್ಲಿ ಮಲಗಿಸಿ ಡ್ರಿಪ್ಪು ಕಟ್ಟಿದರು. ಮುನಿಲಕ್ಷ್ಮಿಯನ್ನು ಕರೆದು, “ಆಣೆ ಮಾಡಿದ್ದು ತಪ್ಪಲ್ಲಮ್ಮ. ಆದ್ರೆ ಇಷ್ಟು ಕುಡಿಯೋರು ಬಿಡೋವಾಗ ಆಸ್ಪತ್ರೇಲೇ ಬಿಡಬೇಕು,” ಎಂದರು. ನವ್ಯಳಿಗೆ, “ನೀನು ಮಣ್ಣಿಗೆ ಹೋಗು, ನಾನು ನೋಡ್ಕೋತೀನಿ,” ಎಂದರು.

“ಹೋಗ್ತೀನಿ ಸರ್,” ಎಂದಳು ನವ್ಯ. ಆದರೆ ಬಚ್ಚಪ್ಪ ಅವಳ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬಿಡಿಸಿಕೊಳ್ಳುವುದು ಕಷ್ಟವೇನಿರಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಹಿಡಿತ ಮೆಲ್ಲಗೆ ಸಡಿಲವಾಯಿತು. ಉಸಿರು ನಿಧಾನವಾಯಿತು. ಮುನಿಲಕ್ಷ್ಮಿ ಮಂಚಕ್ಕೆ ಒರಗಿ ಕೂತಲ್ಲೇ ತೂಕಡಿಸಿದಳು.

ಆಗ ದೂರದಿಂದ ತಮಟೆಯ ಸದ್ದು ಕೇಳಿಬಂತು. ನಡುವೆ ಪಟಾಕಿ. ಊರಿಗಾಂ ಕಡೆಯಿಂದ ಪೇಟೆಯ ರಸ್ತೆಗೆ ಮೆರವಣಿಗೆ ತಿರುಗಿರಬೇಕು. ಸದ್ದು ಬೆಳೆಯುತ್ತ, ಕಿಟಕಿಯ ಗಾಜು ಅದುರುವಷ್ಟಾಯಿತು. ಬಚ್ಚಪ್ಪನ ರೆಪ್ಪೆಗಳು ಕದಲಿದವು. ನವ್ಯ ಕಿಟಕಿ ಮುಚ್ಚಲೆಂದು ಎದ್ದಳು.

ಆಸ್ಪತ್ರೆಯ ಕಾಂಪೌಂಡಿನ ಮೂಲೆಗೆ ಬರುತ್ತಲೇ ಸದ್ದು ಕತ್ತರಿಸಿದಂತೆ ನಿಂತಿತು.

ಏನೋ ಆಗಿದೆ ಎಂದುಕೊಂಡು ಅವಳು ಹೊರಗೆ ನೋಡಿದಳು. ಎಲ್ಲರ ಮುಂದೆ ಕುಪ್ಪುಸ್ವಾಮಿ ಬರಿಗಾಲಲ್ಲಿ ನಡೆಯುತ್ತಿದ್ದ. ವಾರ್ಡಿನ ಕಡೆ ನೋಡುತ್ತ, ಸದ್ದು ಬೇಡವೆಂಬಂತೆ ಒಂದು ಕೈ ಮೇಲೆತ್ತಿದ್ದ. ಅವನ ಹಿಂದೆ ತಮಟೆಯವರು ತಮಟೆಗಳನ್ನು ಎದೆಗೆ ಅವುಚಿಕೊಂಡು ಬರುತ್ತಿದ್ದರು. ಅದರ ಹಿಂದೆ, ಹೆಗಲುಗಳ ಮೇಲೆ, ಶಶಿರೇಖ. ಮುಂದಿನ ಒಂದು ಬೊಂಬು ವಿಜಯಕುಮಾರರ ಹೆಗಲ ಮೇಲಿತ್ತು. ಉಳಿದ ಹೆಗಲುಗಳು ಮಾತಿಲ್ಲದೆ ಬದಲಾಗುತ್ತಿದ್ದವು. ಒಬ್ಬ ಸರಿದರೆ ಇನ್ನೊಬ್ಬ ಒಳಗೆ ಬರುತ್ತಿದ್ದ, ಚಟ್ಟ ಒಂದಿಷ್ಟೂ ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ವನಿತಾ. ಆಮೇಲೆ ಜನ. ರಸ್ತೆಯ ಅಗಲಕ್ಕೂ ಜನ. ಎಲ್ಲಿಂದ ಬಂದರು ಇವರೆಲ್ಲ? ನವ್ಯ ಕಾಣದಿದ್ದ ಮುಖಗಳು, ಅವಳು ಕೆಲಸಕ್ಕೆ ಸೇರುವ ಎಷ್ಟೋ ಮೊದಲು ಈ ಮಂಚಗಳ ಮೇಲೆ ನಡುಗಿ ಎದ್ದುಹೋದವರು, ಅವರ ಹೆಂಡಿರು, ಬೆಳೆದ ಮಕ್ಕಳು. ಅಷ್ಟು ದೊಡ್ಡ ಗುಂಪಿನಲ್ಲಿ ಒಬ್ಬರೂ ಮಾತಾಡುತ್ತಿರಲಿಲ್ಲ. ಕೆಮ್ಮು ಬಂದವರು ಬಾಯಿಗೆ ಟವೆಲ್ಲು ಒತ್ತಿಕೊಳ್ಳುತ್ತಿದ್ದರು.

ವಾರ್ಡಿನ ಮಂಚಗಳಿಂದ ಒಬ್ಬೊಬ್ಬರೇ ಎದ್ದು, ಗೋಡೆ ಹಿಡಿದು, ನವ್ಯಳ ಅಕ್ಕಪಕ್ಕದ ಕಿಟಕಿಗಳಿಗೆ ಬಂದು ನಿಂತರು. ಮೆರವಣಿಗೆ ಗೇಟಿನ ಮುಂದೆ ದಾಟುತ್ತಲೇ ಇತ್ತು. ಇಡೀ ರಸ್ತೆಯಲ್ಲಿ ಮಣ್ಣಿಗೆ ತಾಗುವ ಕಾಲುಗಳ ಸಪ್ಪಳ. ವಾರ್ಡಿನಲ್ಲಿ, ಬಾಯಿ ತೆರೆದು ಮಲಗಿದ್ದ ಬಚ್ಚಪ್ಪನ ಗೊರಕೆ.